ಪಿಎಂಎಸ್ 5003 ಬೆಳಗಿನ ಜಾವ 140 ತೋರಿಸುತ್ತಿದೆ, ಸಮೀರ್ ಆ್ಯಪ್‌ನಲ್ಲಿ 78. ಯಾವುದನ್ನು ನಂಬುವುದು?

ಮಲ್ಲಿಗೆಬಳ್ಳಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಜಯನಗರದಲ್ಲಿ. ಮೊದಲ ಮಹಡಿಯ ಬಾಲ್ಕನಿಯಲ್ಲಿ ಗಾಳಿ ಅಳೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಕೂರಿಸಿದ್ದೇನೆ. ಒಳಗೆ ಧೂಳು ಹೊಗೆಯ ಕಣ ಅಳೆಯುವ ಪಿಎಂಎಸ್ 5003 ಸೆನ್ಸರ್, ಇಎಸ್‌ಪಿ 8266 ವೈಫೈ ಬೋರ್ಡು, ತೇವಾಂಶಕ್ಕೆ ಬಿಎಂಇ 280. ಪವರ್ 5 ವೋಲ್ಟಿನ ಮೊಬೈಲ್ ಚಾರ್ಜರ್‌ನಿಂದ. ಕೋಡ್ ನೆಟ್‌ನಲ್ಲಿ ಸಿಕ್ಕಿದ್ದು.

ಬೆಳಿಗ್ಗೆ ಆರರ ಹೊತ್ತಿಗೆ ಪಿಎಂ 2.5 (2.5 ಮೈಕ್ರೋಮೀಟರ್ ಒಳಗಿನ ಸಣ್ಣ ಕಣ) ಅಂತ 140 ತೋರಿಸುತ್ತದೆ. ಅದೇ ಹೊತ್ತಿಗೆ ಗಾಳಿಯ ಗುಣಮಟ್ಟ ತೋರಿಸುವ ಸರ್ಕಾರಿ ಸಮೀರ್ ಆ್ಯಪ್‌ನಲ್ಲಿ ಜಯನಗರ 5ನೇ ಬ್ಲಾಕಿನ ಗಾಳಿ ಅಳೆಯುವ ಸ್ಟೇಷನ್ 78, ‘ತೃಪ್ತಿಕರ’. ಮಧ್ಯಾಹ್ನ ನನ್ನದು 34ಕ್ಕೆ ಇಳಿದಿರುತ್ತದೆ. ಇನ್ನು ರಾತ್ರಿ ಎಂಟರ ಸುಮಾರಿಗೆ ಒಮ್ಮೊಮ್ಮೆ ಗೆರೆ ಸರ್ರನೆ ಮೇಲೇರಿ ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತದೆ.

ಅಮ್ಮನಿಗೆ ಆಸ್ತಮಾ ಇದೆ. ದಿನಾ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೊರಡುತ್ತಾರೆ. 140 ನಿಜವಾದರೆ ತಡೆಯಬೇಕು, ಸುಳ್ಳಾದರೆ ಸುಮ್ನೆ ಹೆದರಿಸಬಾರದು. ಸೆನ್ಸರ್ ಹಾಳಾಗಿದೆಯಾ?

ಬೆಸುಗೆ:
ಸೆನ್ಸರ್ ಬಗ್ಗೆ ಆಮೇಲೆ ನೋಡೋಣ. ಮೊದಲು, ಆ 140 ಮತ್ತು ಆ 78 ಒಂದೇ ಲೆಕ್ಕದವಲ್ಲ.

ನಿಮ್ಮ 140 ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಈ ಕ್ಷಣ ಇರುವ ಕಣಗಳ ತೂಕ, ಮೈಕ್ರೋಗ್ರಾಂನಲ್ಲಿ. ಆ್ಯಪ್‌ನ 78 ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ. ಪಿಎಂ 2.5ಕ್ಕೆ ಅದನ್ನು 24 ಗಂಟೆಗಳ ಸರಾಸರಿಯ ಮೇಲೆ ಕಟ್ಟುತ್ತಾರೆ. ನಮ್ಮ ದೇಶದ ಲೆಕ್ಕದಲ್ಲಿ 31ರಿಂದ 60 ಮೈಕ್ರೋಗ್ರಾಂ ಅಂದರೆ ಎಕ್ಯೂಐ 51ರಿಂದ 100. ಹಾಗಾಗಿ 78 ಅಂದರೆ ಸುಮಾರು 47 ಮೈಕ್ರೋಗ್ರಾಂ, ಅದೂ ಆ ಹೊತ್ತು ಪಿಎಂ 2.5 ಮುಖ್ಯ ಮಾಲಿನ್ಯಕಾರಕ ಆಗಿದ್ದರೆ. ಬೆಂಗಳೂರಲ್ಲಿ ಎಷ್ಟೋ ಸಲ ಪಿಎಂ 10 (10 ಮೈಕ್ರೋಮೀಟರ್‌ವರೆಗಿನ ಕಣ) ಮೇಲಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನೊಂದು ಮಾತು. ಬೇರೆ ಕೆಲವು ಆ್ಯಪ್‌ಗಳು ಅಮೆರಿಕದ ಅಳತೆ ಬಳಸುತ್ತವೆ. 60 ಮೈಕ್ರೋಗ್ರಾಂ ನಮ್ಮಲ್ಲಿ ಎಕ್ಯೂಐ 100, ‘ತೃಪ್ತಿಕರ’. ಅಲ್ಲಿ ಅದೇ ಗಾಳಿ 154, ‘ಅನಾರೋಗ್ಯಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಬರೀ 15. ಆಸ್ತಮಾ ಇರುವವರ ಮನೆಯಲ್ಲಿ ‘ತೃಪ್ತಿಕರ’ ಅನ್ನುವ ಹಸಿರು ಬಣ್ಣ ನೋಡಿ ನಿಶ್ಚಿಂತೆಯಾಗಿ ಇರಬೇಡಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಸ್ಟೇಷನ್‌ವಾರು ಗಂಟೆ ಗಂಟೆಯ ಡೇಟಾ ಸಿಗುತ್ತದೆ. ಎಕ್ಯೂಐ ಬಿಡಿ, ಮೈಕ್ರೋಗ್ರಾಂ ತೆಗೆಯಿರಿ. ನಿಮ್ಮದನ್ನೂ ಗಂಟೆಯ ಸರಾಸರಿ ಮಾಡಿ ಪಕ್ಕದಲ್ಲಿಟ್ಟು ಹಾಕಿ.

ಮಲ್ಲಿಗೆಬಳ್ಳಿ:
ತುಂಬಾ ಥ್ಯಾಂಕ್ಸ್. ನಿನ್ನೆಯದು ಹಾಕುತ್ತಿದ್ದೇನೆ.

ಬೆಳಿಗ್ಗೆ 6: ನನ್ನದು 140, ಸ್ಟೇಷನ್ 58.
ಮಧ್ಯಾಹ್ನ 2: ನನ್ನದು 34, ಸ್ಟೇಷನ್ 31.

ಮಧ್ಯಾಹ್ನ ಹೆಚ್ಚೂಕಡಿಮೆ ಸರಿ ಇದೆ. ಬೆಳಿಗ್ಗೆ ಮಾತ್ರ ಎರಡೂವರೆ ಪಟ್ಟು. ಮಂಜು ಕಾರಣ ಇರಬಹುದಾ? ಆದರೆ ನನ್ನ ಬಿಎಂಇ ಆ ಹೊತ್ತಿಗೆ ತೇವಾಂಶ 55% ಅನ್ನುತ್ತದೆ, ಮಧ್ಯಾಹ್ನಕ್ಕಿಂತ ಅಂಥ ವ್ಯತ್ಯಾಸವೇನೂ ಇಲ್ಲ.

ಮೂಡಣಗಾಳಿ:
ಜನವರಿಯ ಬೆಳಗಿನ ಜಾವ ಬೆಂಗಳೂರಲ್ಲಿ 55% ಅಂದರೆ ನಂಬೋಕಾಗಲ್ಲ. ಅದೇ ಸೆನ್ಸರ್ ಎಷ್ಟು ಡಿಗ್ರಿ ಅನ್ನುತ್ತಿದೆ?

ಮಲ್ಲಿಗೆಬಳ್ಳಿ:
24 ಡಿಗ್ರಿ. ಹೊರಗೆ 16 ಇತ್ತು ಅಂತ ಹವಾಮಾನ ವರದಿ.

ಮೂಡಣಗಾಳಿ:
ಸಿಕ್ಕಿತು ನೋಡಿ. ಇಎಸ್‌ಪಿ ಬೋರ್ಡು ಬಿಸಿಯಾಗುತ್ತದೆ. ಬಿಎಂಇ ಅದರ ಪಕ್ಕದಲ್ಲೇ ಕೂತು ಆ ಬಿಸಿಯನ್ನು ಅಳೆಯುತ್ತಿದೆ. ಗಾಳಿ ಬೆಚ್ಚಗಾದರೆ, ನೀರಿನ ಅಂಶ ಅಷ್ಟೇ ಇದ್ದರೂ ಶೇಕಡಾವಾರು ತೇವಾಂಶ ಇಳಿಯುತ್ತದೆ. 24 ಡಿಗ್ರಿಯಲ್ಲಿ 55% ಇರುವ ಗಾಳಿ 16 ಡಿಗ್ರಿಗೆ ತಣಿದರೆ ಸುಮಾರು 90% ಆಗುತ್ತದೆ. ನಿಜವಾದ ತೇವಾಂಶ ಅದು.

ಬಿಎಂಇಯನ್ನು ಒಂದು ಗೇಣು ತಂತಿ ಎಳೆದು ಪೆಟ್ಟಿಗೆಯ ಹೊರಗೆ, ಬಿಸಿಲು ಮಳೆ ತಾಗದ ಕಡೆ ಹಾಕಿ. (ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳುವವರಿಗೆ: ಬಿಎಂಪಿ 280 ಮತ್ತು ಬಿಎಂಇ 280 ನೋಡೋಕೆ ಒಂದೇ ಥರ. ಬಿಎಂಪಿಯಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ಚಿಪ್ ಐಡಿ ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ.)

ಈಗ ಸೆನ್ಸರ್ ಏನು ಮಾಡುತ್ತಿದೆ ಅನ್ನುವುದು. ಪಿಎಂಎಸ್ ಕಣಗಳನ್ನು ತೂಗುವುದಿಲ್ಲ. ಪುಟ್ಟ ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕು ಕಣಗಳಿಗೆ ಬಡಿದು ಚದುರುತ್ತದೆ, ಆ ಚದುರಿದ ಬೆಳಕಿನಿಂದ ತೂಕ ಅಂದಾಜು ಮಾಡುತ್ತದೆ. ತೇವಾಂಶ 80% ದಾಟಿದರೆ ಗಾಳಿಯಲ್ಲಿರುವ ಸಲ್ಫೇಟ್, ನೈಟ್ರೇಟ್ ಕಣಗಳು ನೀರು ಹೀರಿ, ರಾತ್ರಿ ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತವೆ. ಉಬ್ಬಿದ್ದು ಬರೀ ನೀರಿನಿಂದ, ಆದರೆ ಲೇಸರ್‌ಗೆ ಅದು ತಿಳಿಯುವುದಿಲ್ಲ. ಮಂಜಿನ ಹನಿಯನ್ನೂ ಕಣ ಅಂತಲೇ ಎಣಿಸುತ್ತದೆ. ಸರ್ಕಾರಿ ಸ್ಟೇಷನ್‌ಗಳಲ್ಲಿ ಸಾಮಾನ್ಯವಾಗಿ ಇರುವ ಬೀಟಾ ಕಿರಣದ ಯಂತ್ರ ಗಾಳಿಯನ್ನು ಬಿಸಿಮಾಡಿ ಒಣಗಿಸಿ ಆಮೇಲೆ ಅಳೆಯುತ್ತದೆ.

ಆದರೆ ಸ್ಟೇಷನ್ನಿನ ಅಂಕಿಯನ್ನೂ ಗಮನಿಸಿ. ಮಧ್ಯಾಹ್ನ 31, ಬೆಳಿಗ್ಗೆ 58. ಒಣಗಿಸಿ ಅಳೆದರೂ ದುಪ್ಪಟ್ಟು ಹತ್ತಿರ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ಅದರ ಮೇಲಿನ ತಂಪು ಗಾಳಿ ಮೇಲೇರದೆ ಅಲ್ಲೇ ನಿಲ್ಲುತ್ತದೆ. ಹೊಗೆ ಧೂಳು ಅದರೊಳಗೇ ಸೇರುತ್ತಾ ಹೋಗುತ್ತದೆ. ಅಂದರೆ ನಿಮ್ಮ 140 ಉಬ್ಬಿದ ಅಂಕಿ, ಆದರೆ ಬೆಳಗಿನ ಗಾಳಿ ಕೆಟ್ಟಿರುವುದು ನಿಜ.

ಬೆಸುಗೆ:
ತೇವಾಂಶದ ಮಾತು ಒಪ್ಪುತ್ತೇನೆ. ಆದರೂ 58 ಎಲ್ಲಿ, 140 ಎಲ್ಲಿ? ಇನ್ನೂ ಏನೋ ಇದೆ. ಕೋಡ್‌ನಲ್ಲಿ ಪಿಎಂ 2.5 ಯಾವ ಬೈಟ್‌ನಿಂದ ಓದುತ್ತಿದೆ ನೋಡಿ. ಪಿಎಂಎಸ್ ಪ್ರತಿ ಸಲ 32 ಬೈಟ್ ಕಳಿಸುತ್ತದೆ. ಸೊನ್ನೆಯಿಂದ ಎಣಿಸಿದರೆ 6 ಮತ್ತು 7ರಲ್ಲಿ ‘ಸಿಎಫ್ 1’ (ಕಾರ್ಖಾನೆ ಗಾಳಿಗೆ) ಲೆಕ್ಕದ ಪಿಎಂ 2.5, 12 ಮತ್ತು 13ರಲ್ಲಿ ‘ಅಟ್ಮಾಸ್ಫಿಯರಿಕ್’ (ಹೊರಗಿನ ಗಾಳಿಗೆ) ಲೆಕ್ಕದ್ದು. 30ರವರೆಗೆ ಎರಡೂ ಹೆಚ್ಚೂಕಡಿಮೆ ಒಂದೇ. ಅಲ್ಲಿಂದಾಚೆ ಸಿಎಫ್ 1 ಮೇಲೆ ಓಡುತ್ತಾ ಹೋಗಿ ಒಂದೂವರೆ ಪಟ್ಟು ಆಗುತ್ತದೆ. ಮಧ್ಯಾಹ್ನ ಸರಿಯಾಗಿದ್ದು ಬೆಳಿಗ್ಗೆ ಹಾರುವುದಕ್ಕೆ ಇದೂ ಕಾರಣ ಆಗಬಹುದು.

ಮಲ್ಲಿಗೆಬಳ್ಳಿ:
ಹೌದು! ಕೋಡ್ 6, 7ನ್ನೇ ಓದುತ್ತಿತ್ತು. 12, 13ಕ್ಕೆ ಬದಲಾಯಿಸಿದೆ. ಇವತ್ತು ಬೆಳಿಗ್ಗೆ ಆರಕ್ಕೆ 93, ಸ್ಟೇಷನ್ 57. ಬಿಎಂಇ ಹೊರಗೆ ಹಾಕಿದ ಮೇಲೆ ತೇವಾಂಶ 91% ಬಂತು. ಉಳಿದ ವ್ಯತ್ಯಾಸಕ್ಕೆ ನೆಟ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಒಂದು ಸೂತ್ರ ಸಿಗುತ್ತದೆ. ಅದನ್ನು ಹಾಕಿಬಿಡಲಾ?

ಮೂಡಣಗಾಳಿ:
ಹಾಕುವ ಮುಂಚೆ ನಿಮ್ಮದೇ ಅಂಕಿಗೆ ಹಚ್ಚಿ ನೋಡೋಣ. ಸಿಎಫ್ 1 ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶವನ್ನು 0.0862ರಿಂದ ಗುಣಿಸಿ ಅದರಲ್ಲಿ ಕಳೆದು, 5.75 ಕೂಡಿಸಬೇಕು. ಬೆಳಗಿನ 140ಕ್ಕೆ 71 ಬರುತ್ತದೆ, ಪರವಾಗಿಲ್ಲ. ಮಧ್ಯಾಹ್ನದ 34ಕ್ಕೆ, ತೇವಾಂಶ 45% ಅಂದುಕೊಂಡರೆ, ಬರೀ 20 ಬರುತ್ತದೆ. ಸ್ಟೇಷನ್ ಇದ್ದದ್ದು 31. ಅಂದರೆ ಸರಿ ಇದ್ದ ಮಧ್ಯಾಹ್ನವನ್ನು ಅದು ಕೆಡಿಸುತ್ತದೆ. ಅಲ್ಲಿನ ಕಣ, ಅಲ್ಲಿನ ಹವೆಗೆ ಕಟ್ಟಿದ ಸೂತ್ರ ಅದು. ಬೆಂಗಳೂರಿಗೆ ಹಾಗೇ ತಂದು ಹಾಕಬೇಡಿ.

ಸ್ಟೇಷನ್ ನಿಮ್ಮ ಹತ್ತಿರದಲ್ಲೇ ಇದೆ. ಗಂಟೆವಾರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ತೇವಾಂಶ 70% ಒಳಗಿನವನ್ನೂ 80% ಮೇಲಿನವನ್ನೂ ಬೇರೆ ಮಾಡಿ. ನಿಮ್ಮ ಪೆಟ್ಟಿಗೆಗೆ ಎಷ್ಟು ತಿದ್ದಬೇಕು ಅಂತ ಅಲ್ಲೇ ಗೊತ್ತಾಗುತ್ತದೆ. ಅಲ್ಲಿಯವರೆಗೆ 80% ದಾಟಿದ ಹೊತ್ತಿನ ಗೆರೆಯನ್ನು ಗ್ರಾಫ್‌ನಲ್ಲಿ ಬೂದು ಬಣ್ಣಕ್ಕೆ ಹಾಕಿ. ಅಂಕಿ ಅಳಿಸಬೇಡಿ.

ಮಲ್ಲಿಗೆಬಳ್ಳಿ:
ಸರಿ, ಹಾಗೇ ಮಾಡುತ್ತೇನೆ. ರಾತ್ರಿಯ ಏರಿಕೆ ಇನ್ನೂ ಉಳಿದಿದೆ. ನಿನ್ನೆ ಹೊಸ ಬೈಟ್‌ನಲ್ಲೂ 180 ಮುಟ್ಟಿತು, ತೇವಾಂಶ 58%. ಸ್ಟೇಷನ್ನಿನಲ್ಲಿ ಅದರ ಸುಳಿವೇ ಇಲ್ಲ. ಅದನ್ನೂ ತಿದ್ದಿ ತೆಗೆಯಬೇಕಾ?

ಬೆಸುಗೆ:
ಬೇಡವೇ ಬೇಡ! ಕೆಟ್ಟ ಡೇಟಾ ಹೇಗಿರುತ್ತದೆ ಅಂದರೆ, ಒಂದೇ ಒಂದು ಅಂಕಿ ಎಲ್ಲೋ ಹಾರಿ ಮರುಕ್ಷಣ ವಾಪಸು ಬರುತ್ತದೆ. ಚೆಕ್‌ಸಮ್ (ಬೈಟ್‌ಗಳು ಸರಿಯಾಗಿ ಬಂದಿವೆಯಾ ಅಂತ ತಿಳಿಸುವ ಮೊತ್ತ) ನೋಡದ ಕೋಡ್‌ನಲ್ಲಿ ಅದು ಸಾಮಾನ್ಯ. ನಿಮ್ಮದು ಕೆಲವು ನಿಮಿಷ ಏರಿ, ನಿಂತು, ನಿಧಾನ ಇಳಿಯುತ್ತಿದೆ. ಅದು ಹೊಗೆ. ತೇವಾಂಶವೂ ಕಡಿಮೆ ಇದೆ. ಸ್ಟೇಷನ್ ಕೊಡುವುದು ತಾನಿರುವ ಜಾಗದ ಗಂಟೆಯ ಸರಾಸರಿ, ನಿಮ್ಮ ಬೀದಿಯ ಅರ್ಧ ಗಂಟೆ ಅದಕ್ಕೆ ಕಾಣುವುದಿಲ್ಲ. ಇಂಥದ್ದನ್ನು ಹಿಡಿಯುವುದಕ್ಕೇ ಮನೆಯ ಸೆನ್ಸರ್ ಇರಬೇಕಾದದ್ದು. ಮುಂದಿನ ಸಲ ಏರಿದಾಗ ಬಾಲ್ಕನಿಗೆ ಹೋಗಿ ವಾಸನೆ ನೋಡಿ.

ಮಲ್ಲಿಗೆಬಳ್ಳಿ:
ನೋಡಿದೆ. ಪಕ್ಕದ ಖಾಲಿ ಸೈಟಿನಲ್ಲಿ ಉದುರಿದ ಎಲೆ ಗುಡ್ಡೆ ಮಾಡಿ ಬೆಂಕಿ ಹಚ್ಚುತ್ತಿದ್ದಾರೆ. ಒಳಗೆ ಹಾಲಿನ ಕವರು, ಚಿಪ್ಸ್ ಪ್ಯಾಕೆಟ್ಟು ಎಲ್ಲ ಇದೆ. ಆ ಹೊತ್ತಿಗೆ ಅಮ್ಮ ಬಾಲ್ಕನಿ ಬಾಗಿಲು ತೆಗೆದಿಟ್ಟು ಕೂತಿರುತ್ತಾರೆ.

ತುಂಬೆಹೂ:
ನಾನು ಶ್ವಾಸಕೋಶದ ರೋಗಿಗಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಓದುತ್ತಾ ಬಂದೆ, ಅಮ್ಮನ ವಿಷಯ ಇಷ್ಟು ಹೇಳಬೇಕು ಅನಿಸಿತು.

ಪಿಎಂ 2.5 ಮೂಗು ಗಂಟಲಲ್ಲಿ ನಿಲ್ಲುವ ಧೂಳಲ್ಲ. ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೆ ಹೋಗುತ್ತದೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಹೃದಯಾಘಾತ, ಪಾರ್ಶ್ವವಾಯುವಿಗೂ ನಂಟು ಇರುವುದು ಅದಕ್ಕೇ. ಆಸ್ತಮಾದವರಿಗೆ ಹೊಗೆಯ ಅರ್ಧ ಗಂಟೆ ಸಾಕು, ಉಸಿರುನಾಳ ಬಿಗಿಯುತ್ತದೆ.

ಒಂದು ಪೀಕ್ ಫ್ಲೋ ಮೀಟರ್ ತಂದುಕೊಳ್ಳಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಜೋರಾಗಿ ಊದುವ ಕೊಳವೆ ಅಷ್ಟೆ. ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿಸಿ, ಜಾಸ್ತಿ ಬಂದದ್ದನ್ನು ಬರೆದಿಡಿ. ಆಸ್ತಮಾದಲ್ಲಿ ಬೆಳಗಿನ ಜಾವದ ಅಂಕಿ ಸಹಜವಾಗಿಯೇ ಕಡಿಮೆ ಇರುತ್ತದೆ, ಅದಕ್ಕೆ ಬೆಳಗಿನದನ್ನು ಬೆಳಗಿನದರ ಜೊತೆಗೇ ಹೋಲಿಸಿ. ಹೊಗೆ ಬಂದ ರಾತ್ರಿಯ ಮರುದಿನ ಅಂಕಿ ಕುಸಿಯುತ್ತದಾ ನೋಡಿ. ಆ ಪುಸ್ತಕ ತೋರಿಸಿದರೆ ಡಾಕ್ಟರಿಗೆ ಔಷಧಿ ಹೊಂದಿಸುವುದು ಸುಲಭ.

ವಾಕಿಂಗ್ ನಿಲ್ಲಿಸಬೇಡಿ, ಹೊತ್ತು ಬದಲಾಯಿಸಿ. ಐದೂವರೆಗೆ ಗಾಳಿಯೂ ಕೆಟ್ಟಿರುತ್ತದೆ, ಚಳಿಯೂ ಇರುತ್ತದೆ. ಒಂಬತ್ತಕ್ಕೆ ಮುಖ್ಯರಸ್ತೆ ತುಂಬಾ ವಾಹನ. ನಿಮ್ಮ ಗ್ರಾಫ್‌ನಲ್ಲಿ ಸಂಜೆ ನಾಲ್ಕೂವರೆಯಿಂದ ಐದೂವರೆ ಹೇಗಿದೆ? ಚೆನ್ನಾಗಿದ್ದರೆ ಪಾರ್ಕಿನ ಒಳಗೆ ಆ ಹೊತ್ತಿಗೆ ನಡೆಯಲಿ. ಬೆಳಿಗ್ಗೆಯೇ ಹೋಗಬೇಕು ಅಂದರೆ ಎನ್95 ಮಾಸ್ಕ್, ಮೂಗಿನ ಪಕ್ಕ ಸಂದಿ ಇರಬಾರದು. ಬಟ್ಟೆ ಮಾಸ್ಕ್ ಈ ಕಣವನ್ನು ಅಷ್ಟಾಗಿ ತಡೆಯುವುದಿಲ್ಲ. ಮತ್ತೆ, ಗಾಳಿ ಚೆನ್ನಾಗಿದೆ ಅಂತ ದಿನದ ಇನ್ಹೇಲರ್ ಬಿಡಬಾರದು. ಮೀಟರ್ ಏನೇ ಹೇಳಲಿ, ಮಾತಾಡುವಾಗ ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೂಡಣಗಾಳಿ:
ಕಸ ಸುಡುವುದರ ಬಗ್ಗೆ: ತೆರೆದ ಜಾಗದಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ದೇಶದಾದ್ಯಂತ ನಿಷೇಧಿಸಿದೆ, 5,000 ರೂಪಾಯಿ ದಂಡ. ಆದರೂ ಮೊದಲು ಗುಡಿಸುವವರ ಜೊತೆ ಮಾತಾಡಿ. ಎಲೆ ಹಾಕಲು ಜಾಗ ಇಲ್ಲದೆಯೇ ಎಷ್ಟೋ ಸಲ ಬೆಂಕಿ ಬೀಳುತ್ತದೆ.

ಮಲ್ಲಿಗೆಬಳ್ಳಿ:
ಮಾತಾಡಿದೆವು. ಮೂಲೆಯಲ್ಲಿ ಜಾಲರಿ ಕಟ್ಟಿ ಎಲೆ ತುಂಬಲು ಜಾಗ ಮಾಡಿದ್ದೇವೆ, ಪ್ಲಾಸ್ಟಿಕ್ ಬೇರೆ ಹೋಗುತ್ತಿದೆ. ಬೆಂಕಿ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. 100 ದಾಟಿ ತೇವಾಂಶ 80% ಒಳಗಿದ್ದರೆ ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿದ್ದೇನೆ. ಬಂದ ಕೂಡಲೇ ಬಾಲ್ಕನಿ ಬಾಗಿಲು ಹಾಕುತ್ತೇವೆ. ಅಮ್ಮ ಸಂಜೆ ಐದಕ್ಕೆ ನಡೆಯುತ್ತಿದ್ದಾರೆ, ಪೀಕ್ ಫ್ಲೋ ಪುಸ್ತಕವೂ ಶುರುವಾಗಿದೆ.

ಕೊನೆಯದೊಂದು ಪ್ರಶ್ನೆ. ಬೀದಿ ಅಗೆದು ಪೈಪ್ ಹಾಕುತ್ತಿದ್ದಾರೆ, ನೆಲವೆಲ್ಲ ಕೆಂಪು ಧೂಳು. ಪೆಟ್ಟಿಗೆ ಮಾತ್ರ ಅಲ್ಲಾಡುವುದಿಲ್ಲ, ಪಿಎಂ 10 ಕೂಡ ಏರಿಲ್ಲ. ಯಾಕೆ?

ಬೆಸುಗೆ:
ದಪ್ಪ ಕಣ ಆ ಸಣ್ಣ ಫ್ಯಾನಿಗೆ ಸರಿಯಾಗಿ ಒಳಗೆ ಬರುವುದಿಲ್ಲ, ಲೇಸರ್‌ಗೂ ಸರಿಯಾಗಿ ಕಾಣುವುದಿಲ್ಲ. ಪಿಎಂಎಸ್ ಕೊಡುವ ಪಿಎಂ 10 ಬಹುಮಟ್ಟಿಗೆ ಸಣ್ಣ ಕಣಗಳಿಂದ ಕಟ್ಟಿದ ಊಹೆ. ಆ ಗೆರೆಯನ್ನು ಗ್ರಾಫ್‌ನಿಂದ ತೆಗೆದುಬಿಡಿ. ರಸ್ತೆ ಧೂಳಿಗೆ ಸ್ಟೇಷನ್ನಿನ ಪಿಎಂ 10 ನೋಡಿ, ಅಗೆಯುವ ಕಡೆ ನೀರು ಚಿಮುಕಿಸಿ ಅಂತ ಕೇಳಿ. ಕೆಲಸ ಮುಗಿಯುವವರೆಗೆ ಸೆನ್ಸರ್‌ನ ಬಾಯಿ ಕೆಳಮುಖ ಮಾಡಿಡಿ, ಇಲ್ಲದಿದ್ದರೆ ಫ್ಯಾನಿನಲ್ಲಿ ಧೂಳು ಕೂರುತ್ತದೆ.