ಕಾಂಪ್ಯಾಕ್ಟ್ ಟ್ರ್ಯಾಕ್ಟರ್‌ಗೆ ಸ್ನೋ ತೆಗೆಯೋಕೆ ಏನು ಹಾಕಿಸಲಿ? ಬಕೆಟ್ ಸಾಕಾಗಿ ಹೋಗಿದೆ

ಮದ್ದೂರು_ಬಯಲು

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದ ಬಫಲೋದಿಂದ ದಕ್ಷಿಣಕ್ಕೆ ಅರ್ಧ ಗಂಟೆ ದೂರದಲ್ಲಿ ಮನೆ ತಗೊಂಡು ಇದು ಎರಡನೇ ಚಳಿಗಾಲ. ಡ್ರೈವ್‌ವೇ 350 ಅಡಿ ಉದ್ದ, 12 ಅಡಿ ಅಗಲ, ಪೂರ್ತಿ ಜಲ್ಲಿ, ರಸ್ತೆ ಹತ್ತಿರ ಸ್ವಲ್ಪ ಇಳಿಜಾರು. ಗಾಡಿ 25 ಎಚ್‌ಪಿ, ಹೈಡ್ರೋಸ್ಟಾಟಿಕ್ (ಪೆಡಲಲ್ಲೇ ವೇಗ ಹೆಚ್ಚು ಕಡಿಮೆ ಮಾಡುವುದು), ಮುಂದೆ ಲೋಡರ್ ಬಕೆಟ್, ಹಿಂದೆ ಸಾಮಾನು ಸಿಕ್ಕಿಸುವ ತ್ರೀ ಪಾಯಿಂಟ್ ಮತ್ತು ಇಂಜಿನ್ ಶಕ್ತಿಯನ್ನ ಆ ಸಾಮಾನಿಗೆ ಕೊಡುವ ಪಿಟಿಒ. ಅಗಲ ಪಟ್ಟಿಯ ಇಂಡಸ್ಟ್ರಿಯಲ್ ಟೈರ್.

ಹೋದ ವಾರ ಒಂದೇ ರಾತ್ರಿಗೆ ಎರಡು ಅಡಿ ಬಿತ್ತು. ಬೆಳಗ್ಗೆ ಆರಕ್ಕೆ ಶುರು ಮಾಡಿದವನು ಹನ್ನೊಂದಕ್ಕೆ ಒಳಗೆ ಬಂದೆ, ಆಗಲೂ ಒಂದು ಕಾರು ಹೋಗುವಷ್ಟೇ ದಾರಿ. ಇಳಿಜಾರಲ್ಲಿ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬಕೆಟ್ ಜಲ್ಲಿಯನ್ನೂ ಬಾಚಿಕೊಂಡು ಬಂದು ಹುಲ್ಲಿನ ಮೇಲೆ ಸುರಿದಿದೆ, ಅದನ್ನ ಏಪ್ರಿಲ್‌ನಲ್ಲಿ ಕೈಯಲ್ಲಿ ಆರಿಸಬೇಕು. ಎರಡೂ ಕಡೆ ಎದೆಮಟ್ಟ ಗೋಡೆ ಎದ್ದಿದೆ, ಇನ್ನು ತಳ್ಳೋಕೆ ಜಾಗ ಇಲ್ಲ. ಇಷ್ಟೆಲ್ಲಾ ಆದಮೇಲೆ ಟೌನ್‌ನವರ ರಸ್ತೆ ಸ್ನೋ ತಳ್ಳುವ ಪ್ಲೋ ಬಂದು ಡ್ರೈವ್‌ವೇ ಬಾಯಿಗೆ ಅಡ್ಡವಾಗಿ ಎರಡೂವರೆ ಅಡಿಯ ಗಟ್ಟಿ ಏರಿ ಕಟ್ಟಿ ಹೋಗುತ್ತದೆ.

ಡೀಲರ್ ಫ್ರಂಟ್ ಬ್ಲೋವರ್ ಅಂತಾರೆ. ಪಕ್ಕದ ಮನೆಯವರು ಹಿಂದಕ್ಕೆ ಬ್ಲೇಡ್ ಹಾಕು ಸಾಕು ಅಂತಾರೆ. ಇನ್ನೊಬ್ಬರು ಲೋಡರ್‌ಗೇ ಪ್ಲೋ ಸಿಕ್ಕಿಸು ಅಂತಾರೆ. ಜೇಬಲ್ಲಿ ನಾಲ್ಕು ಸಾವಿರ ಡಾಲರ್ ಇದೆ, ಅದಕ್ಕಿಂತ ಜಾಸ್ತಿ ಅಂದರೆ ಮನೆಯಲ್ಲಿ ಕಷ್ಟ. ಏನು ಮಾಡಲಿ?

ಈರಿಕೆರೆ_ಏರಿ

ಮೊದಲು ಒಂದು ಲೆಕ್ಕ ಹಾಕಿ. 350 ಅಡಿ, 12 ಅಡಿ, 2 ಅಡಿ ಎತ್ತರ. 8,400 ಘನ ಅಡಿ ಆಯ್ತು. ನಿಮ್ಮ ಬಕೆಟ್‌ಗೆ ಹೆಚ್ಚೆಂದರೆ 9 ಘನ ಅಡಿ ಹಿಡಿಯುತ್ತದೆ. ಸ್ನೋ ಅದುಮಿಕೊಂಡು ಅರ್ಧಕ್ಕೆ ಇಳಿಯಿತು ಅಂತಲೇ ಇಟ್ಟುಕೊಳ್ಳಿ, ಆದರೂ 450ಕ್ಕೂ ಹೆಚ್ಚು ಸಲ ಎತ್ತಿ ಸುರಿಯಬೇಕು. ಹಗುರ ಸ್ನೋ, ಘನ ಮೀಟರ್‌ಗೆ 100 ಕಿಲೋ ಅಂದುಕೊಂಡರೂ ಒಟ್ಟು 24 ಟನ್ ಹತ್ತಿರ. ಐದು ಗಂಟೆಯಲ್ಲಿ ಅಷ್ಟು ಮಾಡಿದ್ದೇ ದೊಡ್ಡದು.

ಈ 24 ಟನ್ ಎಲ್ಲಿಗೆ ಹೋಗಬೇಕು ಅನ್ನುವುದೇ ನಿಮ್ಮ ಪ್ರಶ್ನೆ. ಬ್ಲೇಡ್, ಪ್ಲೋ, ಬಕೆಟ್ ಮೂರೂ ತಳ್ಳುವ ಸಾಮಾನು. ತಳ್ಳಿದ್ದು ಪಕ್ಕದಲ್ಲೇ ಕೂರುತ್ತದೆ, ಮುಂದಿನ ಸಲ ದಾರಿ ಒಂದು ಅಡಿ ಕಿರಿದಾಗುತ್ತದೆ. ನಮ್ಮ ಈ ಕಡೆ ಸ್ನೋ ಬರುವ ರೀತಿಯೇ ಬೇರೆ. ತಣ್ಣನೆ ಗಾಳಿ ಈರಿ ಸರೋವರದ ಬೆಚ್ಚಗಿನ ನೀರಿನ ಮೇಲೆ ಹಾದು ಬರುತ್ತದೆ, ಮೋಡದ ಪಟ್ಟಿ ಎಲ್ಲಿ ನಿಂತಿತೋ ಅಲ್ಲೇ ಸುರಿಯುತ್ತದೆ, ಹತ್ತು ಮೈಲಿ ಆಚೆ ಬಿಸಿಲು. 2022ರ ನವೆಂಬರ್‌ನಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕ್‌ನಲ್ಲಿ ನಾಲ್ಕು ದಿನದಲ್ಲಿ 80 ಇಂಚು ಬಿತ್ತು. ಅಷ್ಟನ್ನ ಯಾವ ಬ್ಲೇಡ್ ಎಲ್ಲಿಗೆ ತಳ್ಳುತ್ತದೆ ಹೇಳಿ? ಎಸೆಯುವ ಸಾಮಾನೇ ಬೇಕು, ಅಂದರೆ ಬ್ಲೋವರ್.

ಮುಂದೆಯೋ ಹಿಂದೆಯೋ ಆಮೇಲೆ ನೋಡೋಣ. ಪಿಟಿಒದಲ್ಲಿ ಎಷ್ಟು ಎಚ್‌ಪಿ? ಹಿಂದಿನ ಟೈರಿನ ಹೊರ ಅಂಚಿಂದ ಹೊರ ಅಂಚಿಗೆ ಎಷ್ಟು ಇಂಚು? ಚೈನ್ ಹಾಕಿದ್ದೀರಾ? ಟೈರಿನೊಳಗೆ ನೀರೋ ಮತ್ತೊಂದೋ ತುಂಬಿಸಿದ್ದೀರಾ?

ಬಿಸಿಬೇಳೆ_ಮಿನ್ನೆಸೋಟ

ಇಷ್ಟು ಬೇಗ ಬ್ಲೇಡನ್ನ ಮೂಲೆಗೆ ಹಾಕಬೇಡಿ ಮಾರಾಯ್ರೆ. ನಾನು ಒಂಬತ್ತು ವರ್ಷದಿಂದ ಹಿಂದಿನ ಬ್ಲೇಡ್‌ನಲ್ಲೇ ಕಾಲ ಹಾಕಿದ್ದೇನೆ. ಬ್ಲೋವರ್‌ಗಿಂತ ಎಷ್ಟೋ ಕಡಿಮೆ ಬೆಲೆ, ತಿರುಗುವ ಭಾಗ ಒಂದೂ ಇಲ್ಲ, ಕೆಡೋಕೆ ಏನಿದೆ? ಓರೆ ಮಾಡಿ ಎಳೆದರೆ ಪಕ್ಕಕ್ಕೆ ಹೋಗುತ್ತದೆ. ಜಲ್ಲಿ ಬಾಚುತ್ತದೆ ಅಂದರೆ ಬ್ಲೇಡನ್ನ 180 ಡಿಗ್ರಿ ತಿರುಗಿಸಿ ಬೆನ್ನಲ್ಲಿ ಎಳೆಯಿರಿ. ಇಲ್ಲದಿದ್ದರೆ ಒಂದು ಕಬ್ಬಿಣದ ಪೈಪನ್ನ ಉದ್ದಕ್ಕೆ ಸೀಳಿ ಕೆಳ ಅಂಚಿಗೆ ತೊಡಿಸಿ, ಜಲ್ಲಿ ಮೇಲೆ ಜಾರಿಕೊಂಡು ಹೋಗುತ್ತದೆ. ಬಕೆಟ್‌ಗೂ ಇದೇ ಉಪಾಯ ನಡೆಯುತ್ತದೆ. ಮೊದಲ ಸ್ನೋ ಬಿದ್ದಾಗಲೇ ಬೇಕಾದ್ದಕ್ಕಿಂತ ಎರಡು ಮೂರು ಅಡಿ ಆಚೆಗೆ ತಳ್ಳಿ ಜಾಗ ಮಾಡಿಕೊಂಡಿದ್ದರೆ ಈ ಗೋಡೆ ಸಮಸ್ಯೆ ಬರುತ್ತಿರಲಿಲ್ಲ.

ಈರಿಕೆರೆ_ಏರಿ

ನಿಮ್ಮಲ್ಲಿ ಬೀಳುವುದು ಒಣ ಪುಡಿ, ಒಂದು ಸಲಕ್ಕೆ ಐದಾರು ಇಂಚು. ಅದಕ್ಕೆ ಬ್ಲೇಡ್ ಸರಿಯೇ, ಜಗಳ ಇಲ್ಲ. ಇಲ್ಲಿ ಇನ್ನೊಂದು ತೊಂದರೆ ಇದೆ. ಸರೋವರ ಹೆಪ್ಪುಗಟ್ಟುವ ಮುಂಚೆಯೇ ಜೋರು ಸ್ನೋ, ಅಂದರೆ ನವೆಂಬರ್, ಡಿಸೆಂಬರ್. ಆಗ ನೆಲವೂ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೆತ್ತಗಿನ ಜಲ್ಲಿ ಮೇಲೆ ಭಾರದ ಸ್ನೋ. ಬ್ಲೇಡೋ ಬಕೆಟೋ ಇಳಿಸಿದರೆ ಅಗೆಯುತ್ತದೆ, ಎತ್ತಿದರೆ ಸ್ನೋ ಉಳಿಯುತ್ತದೆ. ಪೈಪ್ ಉಪಾಯ ಮಾತ್ರ ಚೆನ್ನಾಗಿದೆ, ಅದನ್ನ ಮದ್ದೂರು ಇವತ್ತೇ ಮಾಡಬಹುದು.

ಮದ್ದೂರು_ಬಯಲು

ಪಿಟಿಒ 18 ಎಚ್‌ಪಿ. ಟೈರ್ ಹೊರ ಅಗಲ 50 ಇಂಚು. ಚೈನ್ ಇಲ್ಲ. ಟೈರಿನಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲ. ನಾಲ್ಕೂ ಚಕ್ರಕ್ಕೆ ಡ್ರೈವ್ ಇದೆಯಲ್ಲ, ಚೈನ್ ಯಾಕೆ ಅಂದುಕೊಂಡಿದ್ದೆ.

ಗೇರ್‌ಬಾಕ್ಸ್_ಭಟ್ಟ

ಮದ್ದೂರಿನವರು ನೀವು, ಕೆಸರು ಗದ್ದೆಗೆ ಟ್ರ್ಯಾಕ್ಟರ್ ಇಳಿಸುವಾಗ ಕೇಜ್ ವೀಲ್ ಹಾಕುವುದನ್ನ ನೋಡಿಲ್ಲವೇ? ನೆಲ ಹಿಡಿತ ಕೊಡದಿದ್ದರೆ ನಾಲ್ಕು ಚಕ್ರ ಒಟ್ಟಿಗೆ ಜಾರುತ್ತವೆ, ಅಷ್ಟೇ. ಇಂಡಸ್ಟ್ರಿಯಲ್ ಟೈರಿನ ದಪ್ಪ ಪಟ್ಟಿಗಳು ಮಂಜುಗಡ್ಡೆ ಮೇಲೆ ಸೋಪಿನ ಹಾಗೆ. ಹುಲ್ಲಿನ ಟೈರ್ ಕೂಡ ಸ್ನೋದಲ್ಲಿ ಅದಕ್ಕಿಂತ ವಾಸಿ.

ಮೊದಲ ಖರ್ಚು ಹಿಂದಿನ ಎರಡು ಚಕ್ರಕ್ಕೆ ಚೈನ್. ಅಡ್ಡಪಟ್ಟಿ ಹತ್ತಿರ ಹತ್ತಿರ ಇರುವುದನ್ನ ಇಲ್ಲವೇ ಬಲೆ ಥರದ್ದನ್ನ ತಗೊಳ್ಳಿ. ಅಡ್ಡಪಟ್ಟಿ ದೂರ ದೂರ ಇದ್ದರೆ ಟೈರಿನ ಪಟ್ಟಿಗಳ ಮಧ್ಯೆ ಬಿದ್ದು ಕೂತುಬಿಡುತ್ತದೆ, ಹಾಕಿಯೂ ಹಾಕದ ಹಾಗೆ. ಫೆಂಡರ್‌ಗೂ ಟೈರ್‌ಗೂ ಎಷ್ಟು ಸಂದು ಇದೆ ಅಂತ ಮೊದಲೇ ಅಳೆಯಿರಿ, ಕೆಲವು ಗಾಡಿಗೆ ಚಕ್ರವನ್ನ ಹೊರಕ್ಕೆ ಸರಿಸುವ ವೀಲ್ ಸ್ಪೇಸರ್ ಬೇಕಾಗುತ್ತದೆ. ಎರಡನೆಯದು ಟೈರಿಗೆ ದ್ರವ ತುಂಬಿಸಿ. ಇಲ್ಲಿ ಬೀಟ್ ಗಡ್ಡೆಯ ರಸ ತುಂಬಿಸುತ್ತಾರೆ, ತಮಾಷೆ ಅಲ್ಲ, ನೀರಿಗಿಂತ ಭಾರ, ಹೆಪ್ಪುಗಟ್ಟುವುದಿಲ್ಲ, ರಿಮ್ ತುಕ್ಕು ಹಿಡಿಯುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗ, ಆದರೆ ಸೋರಿದರೆ ರಿಮ್ ತಿಂದುಹಾಕುತ್ತದೆ.

ಲೋಡರ್‌ಗೆ ಪ್ಲೋ ಬೇಡ. ಲೋಡರ್ ತೋಳು ಎತ್ತುವುದಕ್ಕೆ ಮಾಡಿದ್ದು, ಓಡುತ್ತಾ ಹೋಗಿ ಮೂಲೆಯಲ್ಲಿ ಕಲ್ಲಿಗೆ ಗುದ್ದಿಸಿಕೊಳ್ಳುವುದಕ್ಕಲ್ಲ. ಪ್ಲೋ ಓರೆ ಇದ್ದಾಗ ಪೆಟ್ಟು ಒಂದೇ ತೋಳಿಗೆ ಬೀಳುತ್ತದೆ. ತೋಳು ಸೊಟ್ಟಗಾದ ಮೇಲೆ ಅದರ ರಿಪೇರಿಗೆ ಕೊಡುವ ದುಡ್ಡಲ್ಲಿ ಒಂದು ಬ್ಲೋವರ್ ಬರುತ್ತಿತ್ತು ಅಂತ ಗೊತ್ತಾಗುತ್ತದೆ, ನನಗೆ ಗೊತ್ತಾದ ಹಾಗೆ.

ಇನ್ನು ಬ್ಲೋವರ್. ಡೀಲರ್ ಹೇಳಿದ ಫ್ರಂಟ್ ಬ್ಲೋವರ್ ಒಳ್ಳೆಯದೇ, ಮುಂದೆ ನೋಡಿಕೊಂಡು ಓಡಿಸಬಹುದು. ಆದರೆ ಅದು ಗಾಡಿಯ ಹೊಟ್ಟೆ ಕೆಳಗಿನ ಮಿಡ್ ಪಿಟಿಒದಿಂದ ನಡೆಯುತ್ತದೆ, ಕೆಳಗೆ ಸಬ್‌ಫ್ರೇಮ್ ಬೇಕು, ಬಹಳಷ್ಟು ಗಾಡಿಯಲ್ಲಿ ಲೋಡರ್ ಬಿಚ್ಚಿಡಬೇಕು. ಭಾರ ಎಲ್ಲಾ ಮುಂದಿನ ಆಕ್ಸಲ್ ಮೇಲೆ ಬಿದ್ದು ಹಿಂದೆ ಹಗುರ ಆಗುತ್ತದೆ, ಅದಕ್ಕೆ ಮತ್ತೆ ಹಿಂದೆ ತೂಕ ಕಟ್ಟಬೇಕು. ನಿಮ್ಮ ನಾಲ್ಕು ಸಾವಿರಕ್ಕೆ ಬರುವುದಿಲ್ಲ. ಹಿಂದಿನ ಬ್ಲೋವರ್ ಸುಮಾರು ಅರ್ಧ ಬೆಲೆ. ಊರಲ್ಲಿ ರೋಟವೇಟರ್ ನಡೆಸುವ ಅದೇ ನಿಮಿಷಕ್ಕೆ 540 ಸುತ್ತಿನ ಪಿಟಿಒ, ಅದೇ ಆರು ಹಲ್ಲಿನ ಶಾಫ್ಟ್. ಅದರ ತೂಕ ಹಿಂದಿನ ಚಕ್ರದ ಮೇಲೆ ಕೂರುವುದರಿಂದ ಹಿಡಿತ ತಾನಾಗೇ ಹೆಚ್ಚುತ್ತದೆ. ಬಕೆಟ್ ಮುಂದೆ ಹಾಗೇ ಇರುತ್ತದೆ, ಟೌನ್ ಪ್ಲೋ ಕಟ್ಟಿದ ಏರಿ ಒಡೆಯೋಕೆ ಅದು ಬೇಕೇ ಬೇಕು.

ಅಗಲ ಒಂದು ಅಡಿಗೆ ಪಿಟಿಒದಲ್ಲಿ 4ರಿಂದ 5 ಎಚ್‌ಪಿ ಅನ್ನುವುದು ನಮ್ಮ ಬಾಯಿಲೆಕ್ಕ. ನಿಮ್ಮ 18ಕ್ಕೆ 54 ಇಂಚು ಸರಿ ಹೋಗುತ್ತದೆ, ಚೈನ್ ಸೇರಿಸಿದರೂ ಟೈರ್ ಅದರೊಳಗೆ ಬರುತ್ತದೆ. ಯಾರಾದರೂ ಅಗ್ಗಕ್ಕೆ 72 ಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ.

ಬಿಸಿಬೇಳೆ_ಮಿನ್ನೆಸೋಟ

ಕತ್ತು ತಿರುಗಿಸಿಕೊಂಡು 350 ಅಡಿ ರಿವರ್ಸ್ ಹೋಗಬೇಕು ಅನ್ನುವುದನ್ನ ಯಾರೂ ಹೇಳಲಿಲ್ಲವಲ್ಲ! ಮುಂದಕ್ಕೆ ಓಡಿಸುತ್ತಾ ಎಳೆಯುವ ಥರದ ಬ್ಲೋವರ್ ಕೂಡ ಬರುತ್ತದೆ.

ಗೇರ್‌ಬಾಕ್ಸ್_ಭಟ್ಟ

ಬರುತ್ತದೆ. ಆದರೆ ಚಕ್ರ ಮೊದಲು ಸ್ನೋ ತುಳಿದು ಆಮೇಲೆ ಬ್ಲೋವರ್ ಬರುವುದು. ಎರಡು ಅಡಿ ಸ್ನೋದಲ್ಲಿ ಈ ಪುಟ್ಟ ಗಾಡಿಯ ಹೊಟ್ಟೆ ಕೂತುಬಿಡುತ್ತದೆ. ಕತ್ತು ನೋಯುತ್ತದೆ, ಒಪ್ಪಿದೆ. ಐದು ಗಂಟೆ ಬಕೆಟ್ ಆಡಿಸಿದರೆ ಸೊಂಟ ನೋಯುತ್ತದೆ. ಆರಿಸಿಕೊಳ್ಳಿ.

ಮದ್ದೂರು_ಬಯಲು (ಐದು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಚೈನ್ ಬಂತು, ಬೀಟ್ ರಸ ತುಂಬಿಸಿದೆ. ಊರಿಗೆ ಫೋನ್ ಮಾಡಿ ಟೈರಿಗೆ ಬೀಟ್‌ರೂಟ್ ರಸ ಹಾಕಿಸಿದೆ ಅಂದರೆ ಅಪ್ಪ ಫೋನ್ ಅಮ್ಮನಿಗೆ ಕೊಟ್ಟುಬಿಟ್ಟರು. ಬಳಸಿದ 54 ಇಂಚಿನ ಹಿಂದಿನ ಬ್ಲೋವರ್ ಸಿಕ್ಕಿತು. ಇಳಿಜಾರಲ್ಲಿ ಈಗ ಒಂದು ಸಲವೂ ಜಾರಿಲ್ಲ, ನಿಜ ಹೇಳಬೇಕೆಂದರೆ ಬ್ಲೋವರ್‌ಗಿಂತ ಚೈನ್ ನೋಡಿಯೇ ಹೆಚ್ಚು ಖುಷಿ ಆಯ್ತು.

ಆದರೆ ಮೂರು ತೊಂದರೆ. ಒಂದು, ಹಿಂದೆ ತಿರುಗಿ ನೋಡುತ್ತಾ ಹೋಗುವಾಗ ಇದ್ದಕ್ಕಿದ್ದ ಹಾಗೆ ಇಂಜಿನ್ ನಿಲ್ಲುತ್ತದೆ, ಡೀಸೆಲ್ ಗಟ್ಟಿ ಆಗಿದೆಯೇನೋ ಅಂತ ಅಡಿಟಿವ್ ಹಾಕಿ ನೋಡಿದೆ, ಅದೇ ಕಥೆ. ಎರಡು, ರಸ್ತೆ ಬಾಯಲ್ಲಿ ಉಪ್ಪು ಬೆರೆತ ಕೆಸರು ಸ್ನೋ ಚೂಟ್‌ನಲ್ಲಿ (ಸ್ನೋ ಹೊರಗೆ ಹಾರುವ ಕೊಳವೆ) ಕಟ್ಟಿಕೊಳ್ಳುತ್ತದೆ. ಮೂರು, ಬ್ಲೋವರ್ ಪೂರ್ತಿ ಎತ್ತಿದಾಗ ಪಿಟಿಒ ಶಾಫ್ಟ್ ಕಡೆಯಿಂದ ಕಿರ್ ಅಂತ ಸದ್ದು.

ಗೇರ್‌ಬಾಕ್ಸ್_ಭಟ್ಟ

ಮೂರನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಅದು ದುಬಾರಿ. ಪಿಟಿಒ ಆನ್ ಮಾಡಲೇಬೇಡಿ. ಆ ಶಾಫ್ಟ್ ಹಿಂದಿನ ಮಾಲೀಕರ ಗಾಡಿಗೆ ಕತ್ತರಿಸಿದ್ದು, ನಿಮ್ಮದಕ್ಕೆ ಉದ್ದ ಆಗಿದೆ. ಎತ್ತಿ ಇಳಿಸುವಾಗ ಗಾಡಿಗೂ ಗೇರ್‌ಬಾಕ್ಸ್‌ಗೂ ನಡುವಿನ ದೂರ ಬದಲಾಗುತ್ತದೆ. ಶಾಫ್ಟಿನ ಒಳಕೊಳವೆ ಹೊರಕೊಳವೆಯ ತಳಕ್ಕೆ ಗುದ್ದಿದರೆ ಬೇರಿಂಗ್ ಹೋಗುತ್ತದೆ, ಗೇರ್‌ಬಾಕ್ಸ್ ಕೂಡ ಒಡೆಯಬಹುದು. ಬ್ಲೋವರನ್ನ ನಿಧಾನಕ್ಕೆ ಎತ್ತುತ್ತಾ ದೂರ ಎಲ್ಲಿ ಅತಿ ಕಡಿಮೆ ಅಂತ ನೋಡಿ. ಅಲ್ಲಿ ನಿಲ್ಲಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಇಂಜಿನ್ ಆರಿಸಿ ಅಳೆಯಿರಿ. ಆ ಜಾಗದಲ್ಲೂ ಒಂದು ಇಂಚಾದರೂ ಸಡಿಲ ಉಳಿಯಬೇಕು. ಎರಡೂ ಕೊಳವೆಯನ್ನ ಸಮ ಕತ್ತರಿಸಿ, ಪ್ಲಾಸ್ಟಿಕ್ ಕವಚವನ್ನೂ ಅಷ್ಟೇ ಕತ್ತರಿಸಿ, ಅರ ಹಾಕಿ ಉಜ್ಜಿ ಗ್ರೀಸ್ ಹಚ್ಚಿ. ಕವಚ ತೆಗೆದು ಎಸೆಯಬೇಡಿ, ಚಳಿಗಾಲದ ಜಾಕೆಟ್ ದಾರ ಒಂದು ಸುತ್ತಿಕೊಂಡರೆ ಸಾಕು.

ಈರಿಕೆರೆ_ಏರಿ

ಇಂಜಿನ್ ನಿಲ್ಲುವುದು ಡೀಸೆಲ್‌ನಿಂದಲ್ಲ. ಹಿಂದೆ ತಿರುಗುವಾಗ ನೀವು ಸೀಟಿಂದ ಸ್ವಲ್ಪ ಏಳುತ್ತೀರಿ, ಪಿಟಿಒ ಆನ್ ಇದೆ, ಸೀಟಿನ ಕೆಳಗಿನ ಸ್ವಿಚ್ ಆಳು ಬಿದ್ದ ಅಂದುಕೊಂಡು ಇಂಜಿನ್ ಆರಿಸುತ್ತದೆ. ಅದರ ವೈರ್ ಜೋಡಿಸಿ ಸ್ವಿಚ್ ಇಲ್ಲದ ಹಾಗೆ ಮಾಡಿ ಅಂತ ಹೇಳುವವರು ಸಿಗುತ್ತಾರೆ, ದಯವಿಟ್ಟು ಮಾಡಬೇಡಿ. ಸೀಟನ್ನ ಒಂದು ಮೆಟ್ಟಿಲು ಮುಂದಕ್ಕೆ ತಗೊಂಡು ನೋಡಿ. ತಿರುಗುವಾಗ ಬಲಗೈ ಫೆಂಡರ್ ಮೇಲೆ ಊರಬೇಡಿ, ಊರಿದಾಗಲೇ ಸೀಟ್ ಹಗುರ ಆಗುವುದು.

ಚೂಟ್ ಕಟ್ಟುವಾಗ ಇಂಜಿನ್ ಎಷ್ಟು ಆರ್‌ಪಿಎಂ?

ಮದ್ದೂರು_ಬಯಲು

1,800. ಡೀಸೆಲ್ ಉಳಿಯಲಿ ಅಂತ.

ಈರಿಕೆರೆ_ಏರಿ

ಅದೇ ಕಾರಣ. ಮೀಟರಿನಲ್ಲಿ 540 ಪಿಟಿಒ ಅಂತ ಗುರುತು ಇದೆ, ಅಲ್ಲಿಗೆ ತಂದು ಬಿಡಿ, ಮತ್ತೆ ಇಳಿಸಬೇಡಿ. ವೇಗ ಬೇಕಿರುವುದು ಒಳಗಿನ ಫ್ಯಾನಿಗೆ, ಗಾಡಿಗಲ್ಲ. ಗಾಡಿ ಆಮೆ ಥರ ಹೋಗಲಿ, ಹೈಡ್ರೋಸ್ಟಾಟಿಕ್ ಇರುವುದೇ ಅದಕ್ಕೆ. ಒದ್ದೆ ಸ್ನೋಗೆ ಚೂಟ್ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಇಲ್ಲದಿದ್ದರೆ ಅಡುಗೆ ಎಣ್ಣೆ ಸ್ಪ್ರೇ. ಹಳೇ ಬ್ಲೋವರ್ ಅಂದಿರಲ್ಲ, ಫ್ಯಾನ್ ರೆಕ್ಕೆಗೂ ಗೂಡಿಗೂ ಸಂದು ಜಾಸ್ತಿ ಇದ್ದರೆ ರೆಕ್ಕೆ ತುದಿಗೆ ದಪ್ಪ ರಬ್ಬರ್ ಪಟ್ಟಿ ಬೋಲ್ಟ್ ಮಾಡುವ ಕಿಟ್ ಬರುತ್ತದೆ. ಕೆಸರು ಸ್ನೋ ಹಿಂದೆ ಜಾರದೆ ಆಚೆ ಹೋಗುತ್ತದೆ. ರಸ್ತೆ ಬಾಯಿನ ಏರಿಯನ್ನ ನೇರ ಬ್ಲೋವರ್‌ಗೆ ಕೊಡಬೇಡಿ, ಬಕೆಟ್‌ನಲ್ಲಿ ಒಡೆದು ಒಳಗೆಳೆದು ಹರಡಿ, ಆಮೇಲೆ ಎಸೆಯಿರಿ. ರಸ್ತೆಗೆ ಮಾತ್ರ ಎಸೆಯಬೇಡಿ, ನ್ಯೂಯಾರ್ಕ್‌ನಲ್ಲಿ ಅದು ಕಾನೂನಿಗೆ ವಿರುದ್ಧ.

ಕಟ್ಟಿಕೊಂಡದ್ದನ್ನ ಬಿಡಿಸುವಾಗ ಪಿಟಿಒ ಆಫ್, ಇಂಜಿನ್ ಆಫ್, ಕೀ ಜೇಬಲ್ಲಿ, ಕೋಲು ಕೈಯಲ್ಲಿ. ಬೆರಳು ಎಂದಿಗೂ ಬೇಡ.

ಬಿಸಿಬೇಳೆ_ಮಿನ್ನೆಸೋಟ

ಬ್ಲೋವರ್‌ನ ಕೆಳ ಅಂಚು ಜಲ್ಲಿಯಿಂದ ಒಂದು ಇಂಚಿಗಿಂತ ಮೇಲಿರುವ ಹಾಗೆ ಸ್ಕಿಡ್ ಶೂ (ನೆಲದ ಮೇಲೆ ಜಾರುವ ಪಾದ) ಹೊಂದಿಸಿ. ಮುಂದಿನ ವರ್ಷ ಮೊದಲ ಒಂದೆರಡು ತೆಳು ಸ್ನೋವನ್ನ ತೆಗೆಯದೆ ಗಾಡಿ ಓಡಿಸಿ ಅದುಮಿ ಬಿಡಿ, ಜಲ್ಲಿ ಮೇಲೆ ಹೆಂಚಿನ ಹಾಗೆ ಗಟ್ಟಿ ಪದರ ಕೂರುತ್ತದೆ. ಬ್ಲೋವರ್‌ಗೆ ಏನಾದರೂ ಸಿಕ್ಕಿಕೊಂಡು ಅದರ ಶಿಯರ್ ಬೋಲ್ಟ್ ಮುರಿದರೆ ಗಟ್ಟಿ ಬೋಲ್ಟ್ ಹಾಕುವ ಆಸೆ ಬರುತ್ತದೆ, ಹಾಕಬೇಡಿ, ಅದು ಮುರಿಯಲಿ ಅಂತಲೇ ಇಟ್ಟಿರುವುದು. ಬ್ಲೇಡ್‌ನಲ್ಲಿ ಇದೊಂದೂ ತಾಪತ್ರಯ ಇಲ್ಲ, ಸುಮ್ನೆ ಹೇಳಿದೆ.

ಮದ್ದೂರು_ಬಯಲು

ಶಾಫ್ಟ್ ಒಂದೂಮುಕ್ಕಾಲು ಇಂಚು ಕತ್ತರಿಸಿದೆ, ಸದ್ದು ಹೋಯ್ತು. ಸೀಟ್ ಮುಂದೆ ತಂದ ಮೇಲೆ ಇಂಜಿನ್ ಒಂದೇ ಸಲ ನಿಂತಿದ್ದು, ಅದೂ ನಾನು ನಾಯಿ ಎಲ್ಲಿದೆ ಅಂತ ನೋಡೋಕೆ ಎದ್ದಾಗ. ಇವತ್ತು 14 ಇಂಚು ಇತ್ತು, ಪೂರ್ತಿ ಆರ್‌ಪಿಎಂ ಕೊಟ್ಟು ಓಡಿಸಿದೆ, ಏರಿ ಸೇರಿ ಒಂದು ಗಂಟೆ ಹತ್ತು ನಿಮಿಷ. ಒಂದು ಶಿಯರ್ ಬೋಲ್ಟ್ ಹೋಯ್ತು, ಮಗಳ ಸ್ಲೆಡ್ಜ್ ಸ್ನೋ ಒಳಗೆ ಹೂತಿತ್ತು. ಸ್ಲೆಡ್ಜ್ ಈಗ ನಾಲ್ಕು ತುಂಡು. ಬೋಲ್ಟ್ ಹತ್ತರ ಪ್ಯಾಕೆಟ್ ಆರ್ಡರ್ ಮಾಡಿದ್ದೇನೆ. ರಬ್ಬರ್ ಪಟ್ಟಿ ಕಿಟ್ ಹಾಕಿದವರು ಯಾರಾದರೂ ಇದ್ದರೆ ರೆಕ್ಕೆಗೆ ತೂತು ಎಷ್ಟು ದೊಡ್ಡದು ಕೊರೆದಿರಿ ಅಂತ ಹೇಳಿ, ಶನಿವಾರ ಅದೇ ಕೆಲಸ.