ಚೇಳು ಕಚ್ಚಿದ್ದಕ್ಕೆ ರಜೆ

"ಇದು ಮನುಷ್ಯಮಾತ್ರದವರು ಮಾಡೋ ಕೆಲಸ ಅಲ್ಲ," ಅಂದ ಸೀನ, ಚಕ್ಕುಲಿ ಮುರಿಯಲು ಒದ್ದಾಡುತ್ತಾ.

ಚಕ್ಕುಲಿಯ ಮಾತೇ ಇರಬೇಕು ಅಂತ ನಾನೂ ಹೂಂಗುಟ್ಟಿದೆ. ಆಮೇಲೆ ನೋಡಿದರೆ ಅವನ ಕಣ್ಣು ಫೋನಿನಲ್ಲಿತ್ತು. ಫೋನಿನಲ್ಲಿ ಪಿರಮಿಡ್ಡು, ಪಿರಮಿಡ್ಡಿನ ಮೇಲೊಂದು ಹಾರುವ ತಟ್ಟೆ, ತಟ್ಟೆಯಿಂದ ಹಸಿರು ಬೆಳಕು, ಹಿಂದೆ ಢಂಢಂ ಅಂತ ಸಂಗೀತ.

ಜಯಣ್ಣ ಪೇಪರ್ ಮಡಚಿದರು. ಅವರು ಪೇಪರ್ ಮಡಚಿದರೆ ಆ ಭಾನುವಾರ ಬೆಳಿಗ್ಗೆ ಯಾರಿಗೂ ಬೇರೆ ಕೆಲಸ ಆಗುವುದಿಲ್ಲ.

"ಮತ್ಯಾರಪ್ಪ ಕಟ್ಟಿದ್ದು?"

"ಏಲಿಯನ್ಸ್. ನಗಬೇಡಿ ಜಯಣ್ಣ, ಯೋಚನೆ ಮಾಡಿ. ಈಜಿಪ್ಟಿನ ರಾಜ ಖುಫುವಿನ ಪಿರಮಿಡ್ಡಿಗೆ 23 ಲಕ್ಷ ಕಲ್ಲು. ಒಂದೊಂದೂ ಸುಮಾರು ಎರಡೂವರೆ ಟನ್ನು. ಎತ್ತರ 147 ಮೀಟರ್. ನಾಲ್ಕೂವರೆ ಸಾವಿರ ವರ್ಷದ ಹಿಂದೆ! ಜೆಸಿಬಿ ಇಲ್ಲ, ಕ್ರೇನ್ ಇಲ್ಲ, ಕಬ್ಬಿಣದ ಉಳಿ ಕೂಡ ಇಲ್ಲ. ಹೆಂಗೆ ಸಾಧ್ಯ?"

"ಜನ ಎಳೆದರು."

"ಅಷ್ಟೇನಾ?"

"ಅಷ್ಟೇ. ತಾಮ್ರದ ಉಳಿ, ಮರದ ಜಾರುಬಂಡಿ, ಹಗ್ಗ, ಹೊತ್ತಿಗೆ ಸರಿಯಾಗಿ ರೊಟ್ಟಿ. ಬೇಜಾರಾಯ್ತಾ?"

ಸೀನನಿಗೆ ನಿಜಕ್ಕೂ ಬೇಜಾರಾಗಿತ್ತು. ಬೆಟ್ಟ ಹತ್ತಿ ಹೋದ ಮೇಲೆ ಗರ್ಭಗುಡಿಗೆ ಬೀಗ ಹಾಕಿದ್ದನ್ನು ನೋಡಿದವರ ಮುಖ.

"ಒಂದು ಕೇಳ್ತೀನಿ," ಅಂದರು ಜಯಣ್ಣ. "ಖುಫುವಿನ ಅಪ್ಪ ಸ್ನೆಫೆರು. ಅವನು ದಹಶೂರಿನಲ್ಲಿ ಒಂದು ಪಿರಮಿಡ್ ಎಬ್ಬಿಸೋಕೆ ಹೊರಟ. ಸುಮಾರು 54 ಡಿಗ್ರಿ ಓರೆಯಲ್ಲಿ ಶುರು ಮಾಡಿದರು. ಕಟ್ತಾ ಕಟ್ತಾ ಒಳಗೆ ಬಿರುಕು ಕಾಣಿಸಿಕೊಳ್ತು. ಏನು ಮಾಡೋದು? ಅಲ್ಲಿಂದ ಮೇಲಕ್ಕೆ 43 ಡಿಗ್ರಿಗೆ ಇಳಿಸಿ ಹೇಗೋ ಮುಗಿಸಿ ಕೈತೊಳ್ಕೊಂಡರು. ಇವತ್ತಿಗೂ ಅದು ನಡು ಬಗ್ಗಿಸಿಕೊಂಡು ನಿಂತಿದೆ. ಬಗ್ಗಿದ ಪಿರಮಿಡ್ ಅಂತಲೇ ಹೆಸರು. ಬುದ್ಧಿ ಬಂದ ಮೇಲೆ ಪಕ್ಕದಲ್ಲೇ ಕೆಂಪು ಪಿರಮಿಡ್ಡನ್ನ ಬುಡದಿಂದಲೇ 43ರಲ್ಲಿ ಕಟ್ಟಿದರು. ಕೋಟಿ ಕೋಟಿ ಮೈಲಿ ದಾರಿ ತಪ್ಪದೆ ಬಂದವರು ಇಲ್ಲಿಗೆ ಬಂದು ಮೂಲೆಮಟ್ಟ ತಪ್ಪಿದರೇ? ಅದು ರಿವೈಸ್ಡ್ ಎಸ್ಟಿಮೇಟು ಕಣಯ್ಯ. ಅದನ್ನ ಮಾಡೋ ಪ್ರಾಣಿ ಲೋಕದಲ್ಲಿ ಒಂದೇ."

ಅಷ್ಟು ಹೊತ್ತಿಗೆ ಪದ್ಮ ಕಾಫಿ ತಂದಳು. ಸೀನನಿಗೆ ಬಲ ಬಂತು.

"ಸರಿ, ಕಟ್ಟಿದ್ದು ಯಾರೋ ಇರಲಿ. ಆ ಆಕಾರದ ಶಕ್ತಿ ಇದೆಯಲ್ಲ, ಅದಕ್ಕೇನಂತೀರಿ? ಹೋದ ವಾರ ತಾಮ್ರದ ಪಿರಮಿಡ್ ತಂದೆ. ಸಾವಿರದ ಎಂಟುನೂರು ರೂಪಾಯಿ. ನಿನ್ನೆ ರಾತ್ರಿ ಹಾಲಿನ ಪಾತ್ರೆ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಮೊಸರು! ಎಂಥ ಗಟ್ಟಿ ಮೊಸರು ಅಂತೀರಿ, ಚಾಕು ಹಾಕಿ ಕುಯ್ಯಬೇಕು."

"ಹೆಪ್ಪು ಹಾಕಿದ್ದು ನಾನು," ಅಂದಳು ಪದ್ಮ.

ಸೀನ ಲೋಟ ತಗೊಂಡ.

"ಹನ್ನೊಂದು ಗಂಟೆಗೆ ಎದ್ದು, ಹಾಲು ಉಗುರುಬೆಚ್ಚಗಾಗೋ ತನಕ ಕಾದು, ಹೆಪ್ಪು ಹಾಕಿ ಮಲಗಿದೀನಿ. ಇವರು ಬೆಳಿಗ್ಗೆ ಎದ್ದು ಆ ತಗಡಿಗೆ ಕೈ ಮುಗೀತಾರೆ."

"ಕೇಳಿದೆಯಾ?" ಅಂದರು ಜಯಣ್ಣ. "ಈಜಿಪ್ಟಿನೋರದ್ದೂ ಇದೇ ಗೋಳು. ಹೆಪ್ಪು ಹಾಕಿದೋರು ಒಬ್ಬರು, ಹೆಸರು ತಟ್ಟೆಯಲ್ಲಿ ಹಾರಿ ಬಂದೋರಿಗೆ."

"ಜನರೇ ಕಟ್ಟಿದರು ಅನ್ನೋಕೆ ಆಧಾರ ಏನು?" ಸೀನ ಬಿಡಲಿಲ್ಲ.

"ಹಾಜರಿ ಪುಸ್ತಕ."

ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವರ ಬಾಯಲ್ಲಿ ಆ ಮಾತು ಬರುವಾಗ ಒಂದು ಗಾಂಭೀರ್ಯ ಇರುತ್ತದೆ. ಪುರೋಹಿತರು ಋಗ್ವೇದ ಅಂದ ಹಾಗೆ.

"ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಸುಣ್ಣಕಲ್ಲಿನ ಚಪ್ಪಡಿ ಇದೆ. ಎರಡನೇ ರಾಮ್ಸೆಸ್ ಪಟ್ಟಕ್ಕೆ ಬಂದ 40ನೇ ವರ್ಷದ್ದು. ದೇರ್ ಎಲ್ ಮದೀನಾ ಅಂತ ಊರು, ರಾಜರ ಕಣಿವೆಯಲ್ಲಿ ಗೋರಿ ಕೊರೆಯೋ ಕೆಲಸಗಾರರ ಊರು. ಕಲ್ಲಿನ ತುಂಬ 40 ಜನರ ಹೆಸರು, 280 ದಿನದ ಲೆಕ್ಕ. ಹೆಸರಿನ ಎದುರಿಗೆ ಬಾರದ ದಿನದ ತಾರೀಖು. ತಾರೀಖಿನ ನೆತ್ತಿ ಮೇಲೆ ಕೆಂಪು ಶಾಯಿಯಲ್ಲಿ ಕಾರಣ. ಪೆನ್ನುಬ್: ತಾಯಿಗೆ ಹುಷಾರಿಲ್ಲ. ಹುಯ್ನೆಫರ್: ಕಣ್ಣುಬೇನೆ. ಒಬ್ಬ ಹೆಣಕ್ಕೆ ಬಟ್ಟೆ ಸುತ್ತೋಕೆ ಹೋಗಿದ್ದ. ಒಬ್ಬ ಮನೆಯಲ್ಲಿ ಬಿಯರ್ ಮಾಡ್ತಾ ಇದ್ದ."

"ಬಿಯರ್ ಮಾಡೋಕೆ ರಜೆ ಕೊಡ್ತಿದ್ರಾ?" ಸೀನ ಮೊದಲ ಸಲ ಮನಸ್ಸಿಟ್ಟು ಕೇಳಿದ.

"ಕೊಡ್ತಿದ್ರು. ನಮ್ಮಲ್ಲಿ ಅಂಬಲಿ ಇದ್ದ ಹಾಗೆ ಅವರಿಗೆ ಅದು. ಇನ್ನು ಕೆಲವರದ್ದು, ಹೆಂಡತಿಯೋ ಮಗಳೋ ಮುಟ್ಟು ಅಂತ."

"ಹೆಂಡತಿ ಮುಟ್ಟಾದರೆ ಗಂಡನಿಗೆ ರಜೆಯಾ?" ಪದ್ಮ ಒಳಕ್ಕೆ ಹೊರಟವಳು ನಿಂತಳು. "ಅವತ್ತು ಅವನೇ ಅಡುಗೆ ಮಾಡ್ತಿದ್ನಾ?"

"ಅದನ್ನ ಬರೆದಿಲ್ಲಮ್ಮ."

"ಮಾಡಿದ್ದಿದ್ರೆ ಬರೀತಿದ್ರು ಬಿಡಿ."

"ನನಗೆ ಇಷ್ಟವಾದದ್ದು ಸೇಬಾ ಅನ್ನೋನ ಹೆಸರಿನ ಮುಂದೆ ಇರೋದು," ಅಂದರು ಜಯಣ್ಣ. "ಚೇಳು ಕಚ್ಚಿತು. ಅಷ್ಟೇ ಬರೆದಿರೋದು. ಈಗ ನಿನ್ನ ಏಲಿಯನ್ನಿಗೆ ಚೇಳು ಕಚ್ಚಿದೆ ಅಂತ ಇಟ್ಟುಕೋ ಸೀನ. ಎಲ್ಲಿ ಕಚ್ಚುತ್ತೆ? ನಿನ್ನ ವೀಡಿಯೋದಲ್ಲಿ ಅದಕ್ಕೆ ಕಾಲೇ ಇಲ್ಲ."

"ರೀ ಜಯಣ್ಣ, ಮೋಸ ಮಾಡಬೇಡಿ," ಸೀನ ಫೋನಿನಲ್ಲಿ ಏನೋ ಒತ್ತಿ ನೋಡಿ ಹಾರಿದ. "ರಾಮ್ಸೆಸ್ ಬಂದಿದ್ದು ಪಿರಮಿಡ್ ಆಗಿ ಸಾವಿರದ ಮುನ್ನೂರು ವರ್ಷ ಆದ ಮೇಲೆ! ಗೋರಿ ಕೊರೆಯೋರ ಹಾಜರಿ ತೋರಿಸಿ ಪಿರಮಿಡ್ಡಿನ ಬಿಲ್ ಪಾಸು ಮಾಡಿಸ್ತೀರಾ?"

ಇದು ಒಳ್ಳೆಯ ಏಟು. ನಾನೂ ತಲೆದೂಗಿದೆ. ಜಯಣ್ಣನಿಗೆ ಖುಷಿಯಾಯಿತು, ಕಡತ ವಾಪಸು ಬಂದರೆ ಗುಮಾಸ್ತನಿಗೆ ಆಗುವ ಖುಷಿ.

"ಹಾಗಾದ್ರೆ ಮೆರರ್‌ನ ದಿನಚರಿ ತಗೋ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಪಿಯರ್ ತಾಲೆ ಅನ್ನೋ ಫ್ರೆಂಚ್ ವಿದ್ವಾಂಸರ ತಂಡಕ್ಕೆ ಸಿಕ್ಕಿದ್ದು. ಬರಹ ಇರೋ ಜೊಂಡಿನ ಹಾಳೆಗಳಲ್ಲಿ, ಅಂದ್ರೆ ಪಪೈರಸ್‌ಗಳಲ್ಲಿ ಅದಕ್ಕಿಂತ ಹಳೇದು ಸಿಕ್ಕಿಲ್ಲ. ಸಾಕ್ಷಾತ್ ಖುಫುವಿನ ಕಾಲದ್ದೇ. ಮೆರರ್ ಒಬ್ಬ ಮೇಸ್ತ್ರಿ, ಕೈಕೆಳಗೆ ಸುಮಾರು 40 ಆಳು. ತುರಾ ಗಣಿಯಿಂದ ಸುಣ್ಣಕಲ್ಲು ದೋಣಿಗೆ ಹೇರೋದು, ನೈಲ್ ನದೀಲಿ ಗೀಜಾಗೆ ತರೋದು, ಇಳಿಸೋದು, ವಾಪಸು ಹೋಗೋದು. ಇವತ್ತು ತುರಾದಲ್ಲಿ ಕಲ್ಲು ಹೇರಿದೆವು. ಇವತ್ತು ದೋಣೀಲಿ ಹೊರಟೆವು. ಇವತ್ತು ಇಲ್ಲಿ ತಂಗಿದೆವು. ಅಷ್ಟೇ, ಪುಟದ ಮೇಲೆ ಪುಟ. ಜಗತ್ತಿನ ದೊಡ್ಡ ಅಚ್ಚರಿ ಕಟ್ಟುತ್ತಿದ್ದೀವಿ ಅನ್ನೋ ಸುಳಿವು ಒಂದು ಸಾಲಿನಲ್ಲೂ ಇಲ್ಲ. ಲಾರಿ ಡ್ರೈವರ್ ಟ್ರಿಪ್ ಶೀಟ್."

"ಅದರಲ್ಲಿ ಆಕಾಶದಿಂದ ಬಂದೋರ ವಿಷಯ..."

"ಇಲ್ಲ. ಬಂದಿದ್ದಿದ್ರೆ ಅವರಿಗೂ ರೇಷನ್ ಕೊಟ್ಟ ಲೆಕ್ಕ ಇರ್ತಿತ್ತು."

ಸೀನ ಚಕ್ಕುಲಿಯನ್ನು ಕಾಫಿಗೆ ಅದ್ದಿದ. ಅದು ಕೊಂಚ ಮಣಿಯಿತು, ಅವನೂ ಮಣಿದ. "ಹೋಗ್ಲಿ, ರಾಜಿ ಮಾಡ್ಕೊಳ್ಳೋಣ. ಕಲ್ಲು ಹೊತ್ತದ್ದು ಜನ. ಪ್ಲಾನ್ ಕೊಟ್ಟಿದ್ದು ಏಲಿಯನ್ಸ್. ಕನ್ಸಲ್ಟೆಂಟ್ ತರ."

"ಕನ್ಸಲ್ಟೆಂಟ್ ಬಂದಿದ್ದರೆ ಮೊದಲು ಅವನ ಬಿಲ್ಲೇ ಸಿಗ್ತಿತ್ತು ಕಣೋ, ಪಿರಮಿಡ್ ಆಮೇಲೆ ಸಿಗ್ತಿತ್ತು."

ನಾನು ನಕ್ಕೆ. ಸೀನನೂ ಅರ್ಧ ನಕ್ಕ.

"ಕೆಲಸಗಾರರ ಗ್ಯಾಂಗುಗಳು ಒಳಗೆ ಕಲ್ಲಿನ ಮೇಲೆ ತಮ್ಮ ಹೆಸರು ಬಳಿದಿದ್ದಾರೆ," ಜಯಣ್ಣ ಮುಂದುವರಿಸಿದರು. "ಖುಫುವಿನ ಗೆಳೆಯರು ಅಂತ ಒಂದು. ಮೆಂಕೌರೆ ಅನ್ನೋ ರಾಜನ ಪಿರಮಿಡ್ಡಿನಲ್ಲಿ ಇನ್ನೊಂದು ಗ್ಯಾಂಗು, ಮೆಂಕೌರೆಯ ಕುಡುಕರು. ನಕ್ಷತ್ರಲೋಕದಿಂದ ಬಂದೋರು ಹಾಗೆ ಹೆಸರಿಟ್ಕೊಳ್ತಾರಾ? ನಮ್ಮ ಬೀದಿ ಗಣೇಶೋತ್ಸವದ ಹುಡುಗರು ಇಟ್ಕೋಬೇಕು. ಅಲ್ಲಯ್ಯ, ಬೇಲೂರಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿ ಹೋಗಿದ್ದಾನೆ. ಕೆತ್ತದೆ ಹೋಗಿದ್ದಿದ್ದರೆ ಆ ಮದನಿಕೆಯರನ್ನೂ ನೀವು ತಟ್ಟೆಯಲ್ಲೇ ಇಳಿಸ್ತಿದ್ರಿ."

ಮಾತು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಸೀನ ರಾಮ್ಸೆಸ್ ಮಮ್ಮಿಯ ಪಾಸ್‌ಪೋರ್ಟ್ ಚಿತ್ರ ತೆಗೆದು ತೋರಿಸಿದ. ಫೋಟೋದಲ್ಲಿ ಮಮ್ಮಿ, ಉದ್ಯೋಗ ರಾಜ. ಅದು ಯಾರೋ ಈಚೆಗೆ ಮಾಡಿದ ಚಿತ್ರ, ಆದರೆ 1976ರಲ್ಲಿ ಮಮ್ಮಿ ಚಿಕಿತ್ಸೆಗೆ ಪ್ಯಾರಿಸ್ಸಿಗೆ ವಿಮಾನದಲ್ಲಿ ಹೋದದ್ದು ನಿಜ, ಬೂಷ್ಟು ಹಿಡಿದಿತ್ತು, ಅಲ್ಲಿ ಸೇನಾ ಗೌರವ ಕೊಟ್ಟು ಇಳಿಸಿಕೊಂಡರು ಅಂದರು ಜಯಣ್ಣ. "ನನಗೆ ಮಂಡಿ ಹಿಡಿದಿದೆ, ನಾಲ್ಕು ತಿಂಗಳಿಂದ ಆಸ್ಪತ್ರೆಯಲ್ಲಿ ಟೋಕನ್ ತಗೊಳ್ತಾ ಇದೀನಿ," ಅಂತಲೂ ಸೇರಿಸಿದರು.

"ಸತ್ತ ಮೇಲೂ ಅವರಿಗೆ ಕೆಲಸದ ಭಯ ಹೋಗಿರಲಿಲ್ಲ, ಗೊತ್ತಾ?" ಅಂದರು ಆಮೇಲೆ. "ಪರಲೋಕದಲ್ಲೂ ಹೊಲ ಉಳೋಕೆ, ಮರಳು ಹೊರೋಕೆ ಕರೀತಾರೆ ಅಂತ ನಂಬಿಕೆ. ಅದಕ್ಕೆ ಗೋರಿಯಲ್ಲಿ ಸಣ್ಣ ಸಣ್ಣ ಗೊಂಬೆ ಇಡೋರು. ಉಶಬ್ತಿ. ಕರೆದಾಗ 'ಇಗೋ, ನಾನಿದ್ದೀನಿ' ಅಂತ ಗೊಂಬೆ ಓಗೊಡಬೇಕು, ಯಜಮಾನ ಮಲಗಿರಬೇಕು. ದಿನಕ್ಕೊಂದರ ಹಾಗೆ 365. ಹತ್ತು ಗೊಂಬೆಗೆ ಒಂದು ಮೇಸ್ತ್ರಿ ಗೊಂಬೆ, ಕೈಯಲ್ಲಿ ಚಾವಟಿ, ಅವು 36. ಒಟ್ಟು 401."

"ಗೊಂಬೆಗೂ ಮೇಸ್ತ್ರಿಯಾ?"

"ಮತ್ತೆ? ಮೇಸ್ತ್ರಿ ಇಲ್ಲದೆ ಕೆಲಸ ಆಗಲ್ಲ ಅಂತ ಗೊತ್ತಿದ್ದೋರು. ಮೇಸ್ತ್ರಿ ಇದ್ದರೂ ಆಗಲ್ಲ ಅಂತಲೂ ಗೊತ್ತಿತ್ತು. ಮೂರನೇ ರಾಮ್ಸೆಸ್ ಆಳ್ವಿಕೆಯ 29ನೇ ವರ್ಷ, ಅದೇ ದೇರ್ ಎಲ್ ಮದೀನಾದೋರಿಗೆ ರೇಷನ್ ಬರಲಿಲ್ಲ. ಸಂಬಳ ಅಂದರೆ ದವಸವೇ ಅವರಿಗೆ. ತಿಂಗಳಲ್ಲಿ ಹದಿನೆಂಟು ದಿನ ಕಳೀತು, ಹಸಿವು. ಉಳಿ ಕೆಳಗಿಟ್ಟರು, ದೇವಸ್ಥಾನದ ಹಿಂದೆ ಹೋಗಿ ಕೂತರು. ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ರಾಜನಿಗೆ ಹೇಳಿ ಅಂದರು. ದಾಖಲೆ ಇರೋ ಮುಷ್ಕರಗಳಲ್ಲಿ ಅದೇ ಮೊದಲನೇದು. ಆ ಪಪೈರಸ್ ಈಗ ಇಟಲಿಯ ತುರಿನ್‌ನಲ್ಲಿದೆ. ಏಲಿಯನ್ನು ಮೀನಿಗೋಸ್ಕರ ಧರಣಿ ಕೂತಿದ್ದನ್ನ ನೀನು ಯಾವ ವೀಡಿಯೋದಲ್ಲಾದರೂ ನೋಡಿದೀಯಾ?"

"ಇನ್ನೊಂದು ಸ್ವಲ್ಪ ಕಾಫಿ ಹಾಕ್ಲಾ?" ಪದ್ಮ ಕೇಳಿದಳು.

"ಅಯ್ಯೋ, ಇದೇ ಮಾತಮ್ಮ!" ಜಯಣ್ಣ ಲೋಟ ಒಡ್ಡಿದರು. "ಈಜಿಪ್ಟಿನ ಆಕ್ಸಿರಿಂಕಸ್ ಊರಿನ ತಿಪ್ಪೆಯಲ್ಲಿ ಗ್ರೀಕ್ ಪ್ರಹಸನವೊಂದು ಸಿಕ್ತು. ಕ್ರಿಸ್ತಶಕ ಎರಡನೇ ಶತಮಾನದ ಹಾಳೆ. ಕಥೆ ನಡೆಯೋದು ಭಾರತದ ಕಡಲ ದಂಡೇಲಿ. ಅದರಲ್ಲಿ ಇಲ್ಲಿಯ ರಾಜ ಆಡೋ ಮಾತು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಟ್ಸ್ ಹೇಳಿದರು, ನಮ್ಮ ಶಾಮಶಾಸ್ತ್ರಿಗಳೂ ಹೌದು ಅಂದರು. ಅಲ್ಲ ಅಂದ ಪಂಡಿತರೂ ಇದ್ದಾರೆ. ಹೌದು ಅಂದವರು ಓದಿದ ಸಾಲು ಏನು ಗೊತ್ತಾ? ಕೊಂಚ ಮಧು ಪಾತ್ರೆಗೆ ಹಾಕಿ ಅನ್ನೋ ಅರ್ಥದ್ದು."

"ಈಜಿಪ್ಟಿನಲ್ಲಿ ಕನ್ನಡ!" ಸೀನ ಎದ್ದು ಕೂತ. "ಇದನ್ನ ಯಾಕೆ ಯಾರೂ ಫಾರ್ವರ್ಡ್ ಮಾಡಿಲ್ಲ?"

"ಮಾಡಬೇಡ ದಯವಿಟ್ಟು. ಸಂಜೆ ಹೊತ್ತಿಗೆ ಪಿರಮಿಡ್ ಕಟ್ಟಿದ್ದೇ ಕನ್ನಡದ ಏಲಿಯನ್ನು ಅಂತ ನನಗೇ ವಾಪಸ್ ಬರುತ್ತೆ. ಆ ನಾಟಕದಲ್ಲಿ ವಿದೂಷಕ ಹೂಸು ಬಿಟ್ಟು ಶತ್ರುಗಳನ್ನ ಹೆದರಿಸ್ತಾನೆ. ಅದನ್ನೂ ಸೇರಿಸಿ ಕಳಿಸ್ತೀಯಾ?"

ಪದ್ಮ ನಗು ತಡೆಯಲಾರದೆ ಒಳಗೆ ಹೋದಳು. ನಮ್ಮ ನಗು ಇಳಿಯುವ ಹೊತ್ತಿಗೆ ಜಯಣ್ಣ ಸುಮ್ಮನಾಗಿದ್ದರು. ಮಡಚಿದ ಪೇಪರನ್ನು ಇನ್ನೊಂದು ಸಲ ಮಡಚಿದರು.

"ಆ ಕೆಂಪು ಶಾಯಿ ನನ್ನ ತಲೇಲಿ ಕೂತುಬಿಟ್ಟಿದೆ ಕಣೋ," ಅಂದರು. "ನಾನು ಕೆಲಸಕ್ಕೆ ಸೇರಿದ ಹೊಸದು. ರಾಯಚೂರು ಕಡೆ ನಾಲೆ ಕೆಲಸ, ಮಸ್ಟರ್ ರೋಲ್ ನನ್ನ ಕೈಲಿ. ಮಣ್ಣು ಹೊರೋರು ಮುನ್ನೂರು ಜನ. ಬೆಳಿಗ್ಗೆ ಹೆಸರು ಕೂಗೋದು. ಬಂದೋರಿಗೆ ಒಂದು ಗೀಟು, ಬಾರದೋರಿಗೆ 'ಎ'. ಬಟವಾಡೆ ದಿನ ಹೆಬ್ಬೆಟ್ಟು. ಅಷ್ಟೇ. ಯಾಕೆ ಬರಲಿಲ್ಲ ಅಂತ ಬರೆಯೋಕೆ ಕಾಲಮ್ಮೇ ಇರಲಿಲ್ಲ."

"ಆ ಪುಸ್ತಕಗಳು?" ಕೇಳಿದೆ ನಾನು.

"ಆಡಿಟ್ ಆಯ್ತು, ಗೆದ್ದಲು ತಿಂದಷ್ಟು ತಿಂತು, ಉಳಿದದ್ದು ರದ್ದಿಗೆ. ಅದು ಹೋಗಲಿ. ಹುಲಿಗೆಮ್ಮ ಅಂತ ಒಬ್ಬಳು, ಒಂದು ದಿನ ತಪ್ಪಿಸಿದೋಳಲ್ಲ. ಒಂದು ಸಲ ಆರು ದಿನ ಬರಲಿಲ್ಲ. ಆರು 'ಎ' ಹಾಕಿದೆ. ಏಳನೇ ದಿನ ಬಂದಳು, ಬುಟ್ಟಿ ಎತ್ತಿಕೊಂಡಳು, ಹೋದಳು. ನನ್ನ ಕಿವಿಯಲ್ಲಿ ಪೆನ್ನಿತ್ತು, ಕೈಯಲ್ಲಿ ಪುಸ್ತಕ ಇತ್ತು. ಏನಾಗಿತ್ತಮ್ಮ ಅಂತ ಕೇಳಲಿಲ್ಲ."

"ಮಗೂಗೆ ಹುಷಾರಿರಲಿಲ್ವೇನೋ," ಅಂದಳು ಪದ್ಮ ಬಾಗಿಲಿಂದ.

"ಇರಬಹುದು."

ಸೀನನ ಫೋನು ಟಣ್ ಅಂದಿತು. ಅವನು ಅದನ್ನು ಬೋರಲು ಹಾಕಿದ.

"ಚೇಳೇ ಕಚ್ಚಿರಬಹುದಲ್ವಾ ಜಯಣ್ಣ," ಅಂದ. "ಅಲ್ಲೂ ಬಿಸಿಲು ಜಾಸ್ತಿ. ಕಲ್ಲಿನ ಸಂದಿ."