ಸಹಾಯ ಬೇಕು: ಮಳೆಗಾಲದಲ್ಲಿ ಮನೆಯೊಳಗೆ ಕೊತ್ತಂಬರಿ ಬೆಳೆಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಹೇಗೆ ಹೊಡೆಯುತ್ತದೆ ಅಂತ ಗೊತ್ತಲ್ವಾ, ಅಂಗಳದಲ್ಲಿ ಸೊಪ್ಪು ಉಳಿಯುವುದಿಲ್ಲ. ಅದಕ್ಕೆ ಅಡುಗೆಮನೆ ಕಿಟಕಿಯಲ್ಲಿ ಚಟ್ಟಿ ಇಟ್ಟಿದ್ದೇನೆ. ಪುದೀನ ಚೆನ್ನಾಗಿದೆ, ತಂಬುಳಿಗೆ ಸಾಕಾಗುವಷ್ಟು ದೊಡ್ಡಪತ್ರೆಯೂ ಸಿಗುತ್ತದೆ.

ತೊಂದರೆ ಕೊತ್ತಂಬರಿಯದ್ದೇ. ಬೀಜವನ್ನು ಮೆಲ್ಲಗೆ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದರೆ ಮೊಳಕೆ ಬರುತ್ತದೆ, ಆಮೇಲೆ ನೂಲಿನ ಹಾಗೆ ಉದ್ದಕ್ಕೆ ಎಳೆದುಕೊಂಡು, ಕಿಟಕಿ ಕಡೆ ಬಾಗಿ, ಮಣ್ಣಿಗೆ ತಾಗುವ ಬುಡ ಕಂದು ಬಣ್ಣಕ್ಕೆ ತಿರುಗಿ, ಬೆಳಗ್ಗೆ ನೋಡುವಾಗ ಸಾಲಿಗೆ ಸಾಲೇ ಮಲಗಿರುತ್ತದೆ. ಮಣ್ಣಿಗೆ ತೆಂಗಿನ ನಾರಿನ ಹುಡಿ, ಹಟ್ಟಿಗೊಬ್ಬರ ಸೇರಿಸಿದ್ದೇನೆ, ಚಟ್ಟಿಯ ಅಡಿಯಲ್ಲಿ ತೂತೂ ಇದೆ. ಬೆಳಕು ಕಡಿಮೆ, ತೇವ ಜಾಸ್ತಿ, ಹಾಗಾಗಿ ಬುಡಕ್ಕೆ ಶಿಲೀಂಧ್ರ ಹಿಡಿಯುತ್ತದೆ ಅಂತ ನನ್ನ ಅಂದಾಜು.

ಎಲ್‌ಇಡಿ ದೀಪ ಹಾಕಿ ಬೆಳೆಸಿದವರು ಯಾರಾದರೂ ಇದ್ದೀರಾ? ಮಾಮೂಲಿ ಬಿಳಿ ಟ್ಯೂಬ್ ಸಾಕಾ, ಎಷ್ಟು ಎತ್ತರದಲ್ಲಿ ಕಟ್ಟಬೇಕು, ದಿನಕ್ಕೆ ಎಷ್ಟು ಗಂಟೆ ಉರಿಸಬೇಕು? ಸಣ್ಣ ಫ್ಯಾನ್ ಇಟ್ಟರೆ ಬುಡ ಕೊಳೆಯುವುದು ನಿಲ್ಲುತ್ತದಾ? ನಮ್ಮ ಕರಾವಳಿಯ ಮಳೆಯಲ್ಲೇ ಮಾಡಿ ನೋಡಿದವರು ಹೇಳಿದರೆ ತುಂಬಾ ಉಪಕಾರ. ಔಷಧಿ ಸಿಂಪಡಿಸುವ ಸಲಹೆ ಮಾತ್ರ ಬೇಡ, ಮಕ್ಕಳು ಹಸಿಯಾಗಿಯೇ ತಿನ್ನುವ ಸೊಪ್ಪು.